ಮಲೆನಾಡಿನ ವಸಂತಕ್ಕೆ ಹತ್ತಿಯ ಉಡುಪು: ಅಂಗಡಿಯಿಂದ ಬೀರುವಿನವರೆಗೆ ಹಂತ ಹಂತದ ಮಾರ್ಗದರ್ಶಿ

ಯುಗಾದಿಗೆ ಹೊಲಿಸಿದ ರವಿಕೆ ರಾಮನವಮಿಗೆ ಏರುವುದಿಲ್ಲ ಎಂಬ ದೂರು ಪ್ರತಿವರ್ಷ ಇದೇ ಹೊತ್ತಿಗೆ ಕೇಳಿಬರುತ್ತದೆ. ತಿಳಿಹಳದಿ ಸೀರೆ ಒಂದೇ ಒಗೆತಕ್ಕೆ ಅಂಚಿನ ಕೆಂಪನ್ನು ಮೈಗೆಲ್ಲ ಹಚ್ಚಿಕೊಂಡಿತು, ಮೊಣಕಾಲು ಮುಚ್ಚುತ್ತಿದ್ದ ಕುರ್ತಾ ಮೇಲಕ್ಕೇರಿತು, ಫಾಲ್ (ಸೀರೆಯ ಕೆಳ ಅಂಚಿನ ಒಳಬದಿಗೆ ಹೊಲಿಯುವ ಪಟ್ಟಿ) ಎಳೆದುಕೊಂಡು ಸೀರೆಯ ಅಂಚು ಅಲೆಅಲೆಯಾಯಿತು ಎಂಬ ದೂರುಗಳೂ ಅದರ ಬೆನ್ನಿಗೇ ಬರುತ್ತವೆ. ಇಲ್ಲೆಲ್ಲ ತಪ್ಪು ಬಹುಮಟ್ಟಿಗೆ ಆಯ್ಕೆಯದ್ದಲ್ಲ, ಕ್ರಮದ್ದು: ಬಟ್ಟೆ ನೀರನ್ನು ಕಾಣುವ ಮೊದಲೇ ಕತ್ತರಿಯನ್ನು ಕಂಡಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಯಾವುದು ಚೆಂದ ಎಂಬುದಕ್ಕಿಂತ ಯಾವುದರ ನಂತರ ಯಾವುದು ಎಂಬುದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಆರಂಭಕ್ಕೆ ಮೊದಲು: ದಿನದ ಲೆಕ್ಕ ಮತ್ತು ಸಾಮಾನು

ಉಡಬೇಕಾದ ದಿನದಿಂದ ಹಿಂದಕ್ಕೆ ಎಣಿಸಬೇಕು. ನೆನೆಸಿ ಒಣಗಿಸಲು ಎರಡು ಮೂರು ದಿನ, ಫಾಲ್‌ ಮತ್ತು ಪೀಕೋಗೆ (ತುದಿಯ ನೂಲು ಬಿಡದಂತೆ ಹಾಕುವ ಹೊಲಿಗೆ) ಎರಡು ದಿನ, ಹೊಲಿಗೆಗೆ ಎರಡು ವಾರ, ಹಾಕಿ ನೋಡಿ ತಿದ್ದಿಸಿಕೊಳ್ಳಲು ಒಂದು ವಾರ ಎಂದಿಟ್ಟುಕೊಂಡರೂ ಒಟ್ಟು ನಾಲ್ಕು ವಾರ ಬೇಕಾಗುತ್ತದೆ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ 2 ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬಾ ಜಾತ್ರೆ 3 ವರ್ಷಕ್ಕೊಮ್ಮೆ ಇದೇ ಕಾಲದಲ್ಲಿ ಬರುವುದರಿಂದ, ಜಾತ್ರೆಯ ವರ್ಷಗಳಲ್ಲಿ ಇನ್ನೂ ಒಂದು ವಾರ ಮುಂಚಿತವಾಗಿ ಟೈಲರ್ ಅಂಗಡಿಯ ಮೆಟ್ಟಿಲು ಹತ್ತುವುದು ಲೇಸು.

ಬೇಕಾಗುವ ಸಾಮಾನು ಹೆಚ್ಚಿನದೇನಲ್ಲ: ಎರಡು ದೊಡ್ಡ ಬಕೆಟ್, ಒಂದು ಹಳೆಯ ಬಿಳಿ ಬಟ್ಟೆಯ ತುಂಡು, ಅಳತೆ ಟೇಪು, ಅಂಟುವಾಳ ಕಾಯಿ ಅಥವಾ ಸೌಮ್ಯವಾದ ದ್ರವ ಸಾಬೂನು, ಗಂಜಿ, ಸೋಸಲು ತೆಳುವಾದ ಬಟ್ಟೆ, ಪ್ಲಾಸ್ಟಿಕ್ ಹಗ್ಗ. ಹಗ್ಗದ ಬದಲಿಗೆ ಕಬ್ಬಿಣದ ತಂತಿ ಏಕೆ ಕೂಡದು ಎಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಚಾಲ್ತಿಯಲ್ಲಿರುವುದನ್ನು ಮಲೆನಾಡಿಗೆ ಒಗ್ಗಿಸಿಕೊಳ್ಳುವುದು

ಕಳೆದ ಎರಡು ವಸಂತಗಳಿಂದ ತಿಳಿಬಣ್ಣಗಳದೇ ದರ್ಬಾರು. 2025ರಲ್ಲಿ ಬೆಣ್ಣೆಯಂಥ ಹಳದಿ ಎಲ್ಲೆಡೆ ಕಾಣಿಸಿಕೊಂಡಿತು. 2026ಕ್ಕೆ ಬಣ್ಣಗಳ ಮಾನದಂಡ ರೂಪಿಸುವ ಪ್ಯಾಂಟೋನ್ ಸಂಸ್ಥೆ 'ಕ್ಲೌಡ್ ಡಾನ್ಸರ್' ಎಂಬ ಹೆಸರಿನ ಬಿಳಿಯನ್ನೇ ವರ್ಷದ ಬಣ್ಣವೆಂದು ಆರಿಸಿತು. ಇವುಗಳ ಜೊತೆಗೆ ಹೂವಿನ ಅಚ್ಚು, ಬ್ಲಾಕ್ ಪ್ರಿಂಟ್, ಸಡಿಲವಾದ ಅಗಲ ಕಾಲಿನ ಪ್ಯಾಂಟು, ಮೇಲೆ ಕೆಳಗೆ ಒಂದೇ ಬಟ್ಟೆಯ ಕೋ-ಆರ್ಡ್ ಸೆಟ್, ಸಾದಾ ಕೈಮಗ್ಗದ ಸೀರೆಗೆ ವಿರುದ್ಧ ಬಣ್ಣದ ರವಿಕೆ, ಇವೆಲ್ಲ ಚಾಲ್ತಿಯಲ್ಲಿವೆ.

ಬಿಳಿಯೂ ಬೆಣ್ಣೆಬಣ್ಣವೂ ಕೆಮ್ಮಣ್ಣಿನ ಊರಿನಲ್ಲಿ ಹೇಗೆ ಬಾಳಿಯಾವು ಎಂಬುದು ನ್ಯಾಯವಾದ ಪ್ರಶ್ನೆ. ಸೀರೆಯಾದರೆ ಮೈ ತಿಳಿಯಾಗಿದ್ದು, ಕೆಳಗಿನ ಅಂಚು ಕನಿಷ್ಠ ಮೂರು ಅಂಗುಲ ಅಗಲದ ಗಾಢ ಬಣ್ಣದ್ದಾಗಿರುವಂತೆ ಆರಿಸಿದರೆ ಧೂಳು ಅಂಚಿನಲ್ಲಿಯೇ ಅಡಗುತ್ತದೆ. ಪ್ಯಾಂಟಾದರೆ ತಿಳಿಬಣ್ಣವನ್ನು ಕುರ್ತಾಕ್ಕೆ ಬಿಟ್ಟು, ಕಾಲಿಗೆ ಇಟ್ಟಿಗೆ ಕೆಂಪು, ಕಂದು ಅಥವಾ ಕಡುನೀಲಿಯನ್ನು ತೆಗೆದುಕೊಳ್ಳಬೇಕು. ಅಪ್ಪಟ ಬಿಳಿಗಿಂತ ಕೆನೆಬಣ್ಣ ಹೆಚ್ಚು ಕಾಲ ಹೊಸದಾಗಿ ಕಾಣುತ್ತದೆ, ಏಕೆಂದರೆ ಬಾವಿ ಮತ್ತು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬಿಳಿ ಕೆಲವೇ ಒಗೆತಗಳಲ್ಲಿ ಮಾಸಲಾಗುತ್ತದೆ, ಕೆನೆಬಣ್ಣದಲ್ಲಿ ಆ ಮಾಸಲು ಎದ್ದು ಕಾಣುವುದಿಲ್ಲ.

ಆರ್ಗೆಂಜಾ ಸೀರೆಯ ಬಗ್ಗೆ ಒಂದು ಮಾತು. ಚಿತ್ರದಲ್ಲಿ ಅದು ಗಾಳಿಯಂತೆ ಹಗುರವಾಗಿ ಕಾಣುತ್ತದೆ. ಆದರೆ ಕಡಿಮೆ ಬೆಲೆಗೆ ಸಿಗುವ ಆರ್ಗೆಂಜಾ ಬಹುಪಾಲು ಪಾಲಿಯೆಸ್ಟರ್ ನೂಲಿನದಾಗಿದ್ದು, ಬೆವರನ್ನು ಹೀರುವುದಿಲ್ಲ. ಏಪ್ರಿಲ್‌ನ ಮಧ್ಯಾಹ್ನ ಉಷ್ಣಾಂಶ 35 ಡಿಗ್ರಿ ದಾಟುವ ಶಿವಮೊಗ್ಗ ಪೇಟೆಯಲ್ಲಿ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಾಗ ಅದರ ಕಷ್ಟ ತಿಳಿಯುತ್ತದೆ. ಸಂಜೆಯ ಆರತಕ್ಷತೆಗೆ ಅಡ್ಡಿಯಿಲ್ಲ, ಹಗಲಿಗೆ ಬೇಡ.

ನಮ್ಮಲ್ಲಿಯೇ ನೇಯುವ ಬಟ್ಟೆಗಳಲ್ಲಿ ಉಡುಪಿ ಸೀರೆ ತೆಳುವಾಗಿ ಹಗುರವಾಗಿದ್ದು ಸೆಕೆಗೆ ಹೇಳಿಮಾಡಿಸಿದಂತಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಹತ್ತಿ ಬಟ್ಟೆಗೆ ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದಾಗ ಉಳಿಯುವ ಒಗರು ರಸ) ನೈಸರ್ಗಿಕ ಬಣ್ಣಗಳನ್ನು ಬಳಸುತ್ತಾರೆ. ಆ ಕಂದುಗೆಂಪು ತಿಳಿಹಳದಿಯ ಜೊತೆ ಅಂದವಾಗಿ ಹೊಂದುತ್ತದೆ. ಇಳಕಲ್ ಸೀರೆಯೂ ಗುಳೇದಗುಡ್ಡದ ರವಿಕೆ ಬಟ್ಟೆಯಾದ ಖಣವೂ ಈ ಋತುವಿಗೆ ಒಪ್ಪುತ್ತವೆ, ಆದರೆ ಅವೆರಡನ್ನೂ ನೀರಿಗೆ ಹಾಕುವ ರೀತಿ ಬೇರೆ.

ಹಂತ 2: ಅಂಗಡಿಯಲ್ಲಿ ಪರೀಕ್ಷೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ದುರ್ಗಿಗುಡಿಯಲ್ಲಾಗಲಿ, ಮೊದಲ ಕೆಲಸವೆಂದರೆ ಬಟ್ಟೆಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ತಂದು ಮುಖದ ಪಕ್ಕಕ್ಕೆ ಹಿಡಿದು ನೋಡುವುದು. ಅಂಗಡಿಯ ದೀಪದ ಕೆಳಗೆ ಬೆಣ್ಣೆಬಣ್ಣವಾಗಿ ಕಂಡದ್ದು ಬಿಸಿಲಿನಲ್ಲಿ ಪಾಚಿ ಹಳದಿಯಾಗಿ ಕಾಣಬಹುದು. ತಿಳಿಬಣ್ಣಗಳಲ್ಲಿ ಈ ವ್ಯತ್ಯಾಸ ಗಾಢ ಬಣ್ಣಗಳಿಗಿಂತ ಹೆಚ್ಚು.

ಎರಡನೆಯದು, ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಡುವುದು. ಹತ್ತಿ ಮತ್ತು ಲಿನನ್ ಮುದುಡುತ್ತವೆ. ಮುದುಡು ಬೀಳದೆ ತಕ್ಷಣ ಮೊದಲಿನಂತಾದರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುವ ಸಾಧ್ಯತೆ ಹೆಚ್ಚು. ಮನೆಗೆ ತಂದ ಮೇಲೆ ಸಂಶಯ ಉಳಿದರೆ ಸೆರಗಿನ ತುದಿಯ ಎರಡು ನೂಲನ್ನು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೆರಳಿಗೆ ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಮೂರನೆಯದು ಅಂಚು. ಕೈಮಗ್ಗದ ಬಟ್ಟೆಯ ಎರಡೂ ಅಂಚುಗಳುದ್ದಕ್ಕೂ, ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಮೊಳೆಗಳ ಸಣ್ಣ ಸಣ್ಣ ರಂಧ್ರಗಳು ಹಲವು ಸಲ ಕಾಣಿಸುತ್ತವೆ. ಇದು ದೋಷವಲ್ಲ. ಆದರೆ ಅಂಚಿನ ನೂಲು ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗಿದ್ದರೆ ಆ ಸೀರೆಯನ್ನು ಬಿಟ್ಟುಬಿಡಬೇಕು, ಏಕೆಂದರೆ ಒಗೆದ ಮೇಲೆ ಅದು ಒಂದೇ ಕಡೆಗೆ ವಾಲುತ್ತದೆ.

ಹಂತ 3: ಮೊದಲ ನೀರು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದೂ, ಜನ ತಪ್ಪದೆ ಬಿಟ್ಟುಬಿಡುವುದೂ ಇದೇ ಹಂತ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಐದೂವರೆ ಮೀಟರ್ ಸೀರೆಯಲ್ಲಿ ಇದು 16ರಿಂದ 27 ಸೆಂಟಿಮೀಟರ್. ಒಂದು ನೆರಿಗೆ ಕಡಿಮೆಯಾಗುತ್ತದೆ, ಅಷ್ಟೇ, ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಎದೆಯ ಸುತ್ತಳತೆ 36 ಅಂಗುಲದ ರವಿಕೆಯಲ್ಲಿ ಅದೇ ಕುಗ್ಗುವಿಕೆ 1ರಿಂದ 1.8 ಅಂಗುಲವಾಗುತ್ತದೆ, ಹುಕ್ಕು ಹಾಕಲು ಬರುವುದಿಲ್ಲ. ಯುಗಾದಿಯ ರವಿಕೆ ರಾಮನವಮಿಗೆ ಏರದಿರುವುದರ ಗುಟ್ಟು ಇಷ್ಟೇ. ಒಂಬತ್ತು ದಿನದ ಹೋಳಿಗೆಯನ್ನು ದೂರಿ ಪ್ರಯೋಜನವಿಲ್ಲ.

ಮೊದಲು ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ, ಸೀರೆಯ ಒಳತುದಿಯಲ್ಲಿ ಪ್ರತಿಯೊಂದು ಬಣ್ಣದ ಮೇಲೆಯೂ ಬೇರೆ ಬೇರೆಯಾಗಿ ಒಂದು ನಿಮಿಷ ಒತ್ತಿ ಉಜ್ಜಬೇಕು. ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿದರೆ ನಿಶ್ಚಿಂತೆ. ತುಸು ಬಣ್ಣ ಹತ್ತಿದರೆ ಆ ಸೀರೆಯನ್ನು ಒಂಟಿಯಾಗಿ ನೆನೆಸಬೇಕು. ತಿಳಿಬಣ್ಣದ ಮೈಯಿರುವ ಸೀರೆಯ ಅಂಚಿನಿಂದ ದಟ್ಟವಾಗಿ ಬಣ್ಣ ಹತ್ತಿದರೆ ಅದನ್ನು ಮನೆಯಲ್ಲಿ ನೆನೆಸದೆ ಡ್ರೈಕ್ಲೀನ್‌ಗೆ ಕೊಡುವುದೇ ಕ್ಷೇಮ. ಬಿಲ್ಲು ಕೈಯಲ್ಲಿದ್ದರೆ ಅಂಗಡಿಗೆ ಮರಳಿಸುವುದು ಇನ್ನೂ ಕ್ಷೇಮ.

ನೆನೆಸುವಾಗ ತಣ್ಣೀರು ಮಾತ್ರ, ಸಾಬೂನು ಬೇಡ. ಸೀರೆಯನ್ನು ಪೂರ್ತಿ ಬಿಡಿಸಿ, ಒಣ ಜಾಗ ಎಲ್ಲಿಯೂ ಉಳಿಯದಂತೆ ಮುಳುಗಿಸಿ, ಅರ್ಧ ಗಂಟೆಗಿಂತ ಹೆಚ್ಚು ಬಿಡಬಾರದು. ರಾತ್ರಿಯಿಡೀ ನೆನೆಸಿದರೆ ನೀರಿಗಿಳಿದ ಬಣ್ಣ ಮತ್ತೆ ಬಟ್ಟೆಯ ಮೇಲೆಯೇ ಕೂರುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸುತ್ತ ಹೋಗಬೇಕು. ಮೂರನೆಯ ನೀರಿಗೂ ಬಣ್ಣ ಧಾರಾಳವಾಗಿ ಇಳಿಯುತ್ತಿದ್ದರೆ ಅದು ಅಪಾಯದ ಸೂಚನೆ, ಆ ಬಟ್ಟೆಯನ್ನು ಮುಂದೆಂದೂ ಬೇರೆಯದರ ಜೊತೆ ಹಾಕಬಾರದು. ಒಂದು ಹಿಡಿ ಕಲ್ಲುಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲಿಯೂ ಇದೆ. ಉಪ್ಪು ಬಣ್ಣವನ್ನು ಕಟ್ಟಿಹಾಕುವುದಿಲ್ಲ. ಕೆಲವು ಬಣ್ಣಗಳಲ್ಲಿ ಅಂದಿನ ಮಟ್ಟಿಗೆ ಇಳಿಯುವುದನ್ನು ತಗ್ಗಿಸೀತು. ಹಾಕಿದರೆ ನಷ್ಟವಿಲ್ಲ, ಅದನ್ನೇ ನಂಬಿ ಕೆಂಪು ಸೀರೆಯನ್ನು ಬಿಳಿ ಪಂಚೆಯ ಜೊತೆ ಮುಳುಗಿಸಬಾರದು.

ಇಳಕಲ್ ಸೀರೆಯಲ್ಲಿ ಕೆಂಪು ಸೆರಗು ಬೇರೆ ನೂಲಿನದು, ಮೈಯ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಅದರ ಸೆರಗನ್ನು ಬಕೆಟ್ಟಿನ ಹೊರಗಿಟ್ಟು ಮೈಯನ್ನು ಮೊದಲು ನೆನೆಸಿ, ಸೆರಗನ್ನು ಇನ್ನೊಂದು ಬಕೆಟ್ಟಿನಲ್ಲಿ ಅದ್ದಿ ಬೇಗ ತೆಗೆಯಬೇಕು. ಒಣಹಾಕುವಾಗಲೂ ಒದ್ದೆ ಸೆರಗು ಮೈಯ ಮೇಲೆ ಬೀಳದಂತೆ ಹಗ್ಗದ ಮೇಲೆ ಉದ್ದಕ್ಕೆ ಹರಡಬೇಕು. ಖಣದಲ್ಲಿ ರೇಷ್ಮೆ ಇದ್ದರೆ ನೆನೆಸುವ ಬದಲು ಡ್ರೈಕ್ಲೀನ್ ಮಾಡಿಸಿ, ಹೊಲಿಗೆಯಲ್ಲಿ ಅಂಚು ಹೆಚ್ಚು ಬಿಡಿಸಿಕೊಳ್ಳುವುದು ಉತ್ತಮ.

ಸೀರೆಯಲ್ಲಿಯೇ ಬಂದ ರವಿಕೆಯ ತುಂಡನ್ನು ಈ ಹಂತದಲ್ಲಿ ಕತ್ತರಿಸಕೂಡದು. ಸೀರೆಯ ಜೊತೆಯಲ್ಲಿಯೇ ನೆನೆದರೆ ಎರಡರ ಬಣ್ಣವೂ ಸಮನಾಗಿ ಇಳಿಯುತ್ತದೆ. ಮೊದಲೇ ಕತ್ತರಿಸಿದರೆ ಮುಂದೆ ಸೀರೆಯೂ ಅದರ ರವಿಕೆಯೂ ಎರಡು ಛಾಯೆಯಾಗಿ ಕಾಣುತ್ತವೆ. ಲೈನಿಂಗ್ ಬಟ್ಟೆ, ಫಾಲ್, ಹತ್ತಿಯ ಒಳಲಂಗ, ಕುರ್ತಾದ ಬಟ್ಟೆ ಇವೆಲ್ಲವನ್ನೂ ಇದೇ ದಿನ, ಬಣ್ಣ ಬಿಡದವನ್ನು ಒಂದೆಡೆ ಬಿಡುವವನ್ನು ಒಂದೆಡೆ ಮಾಡಿ, ನೆನೆಸಿಬಿಡಬೇಕು.

ಹಿಂಡಬಾರದು, ನೀರು ತಾನೇ ಸೋರಿದ ಮೇಲೆ ನೆರಳಿನಲ್ಲಿ, ಒಳಮೈ ಹೊರಗೆ ಮಾಡಿ, ಅಂಚುಗಳನ್ನು ನೇರವಾಗಿ ಎಳೆದು ಒಣಗಿಸಬೇಕು. ಚೊಗರಿನ ಬಣ್ಣದ ಬಟ್ಟೆಗೆ ಕಬ್ಬಿಣ ಆಗದು. ಚೊಗರಿನಲ್ಲಿರುವ ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಕಪ್ಪಾಗುವುದರಿಂದ, ತುಕ್ಕು ಹಿಡಿದ ತಂತಿಯ ಮೇಲೆ ಹಾಕಿದ ಒದ್ದೆ ಬಟ್ಟೆಯ ನಡುವೆ ಅಳಿಸಲಾಗದ ಕಪ್ಪು ಗೆರೆ ಮೂಡುತ್ತದೆ. ತಿಳಿಬಣ್ಣದ ಬಟ್ಟೆಗಾದರೆ ಭಯ ಇನ್ನೊಂದು ದಿಕ್ಕಿನದು: ಅಡಿಕೆ ಹರಡಿದ್ದ ತಟ್ಟಿ, ಚಾಪೆಗಳ ಮೇಲೆ ಅದನ್ನು ಒಣಹಾಕಿದರೆ ಚೊಗರಿನ ಕಲೆ ಖಾಯಂ ಆಗಿ ನಿಲ್ಲುತ್ತದೆ.

ಹಂತ 4: ಫಾಲ್, ಪೀಕೋ ಮತ್ತು ಟೈಲರ್

ಬಟ್ಟೆ ಪೂರ್ತಿ ಒಣಗಿ ಇಸ್ತ್ರಿಯಾದ ಮೇಲೆಯೇ ರವಿಕೆಯ ತುಂಡನ್ನು ಕತ್ತರಿಸಿ, ಸೀರೆಯನ್ನು ಫಾಲ್‌ ಮತ್ತು ಪೀಕೋಗೆ ಕೊಡಬೇಕು. ಹತ್ತಿ ಸೀರೆಗೆ ಹತ್ತಿಯ ಫಾಲನ್ನೇ ಕೇಳಿ ಹಾಕಿಸಿ. ಅಂಗಡಿಯವರು ತಮ್ಮಲ್ಲಿದ್ದ ಹೊಸ ಫಾಲನ್ನು ನೆನೆಸದೆ ಹಾಕಿಬಿಡುವುದು ವಾಡಿಕೆ. ಮುಂದೆ ಫಾಲ್ ಮಾತ್ರ ಕುಗ್ಗಿ ಅಂಚನ್ನು ಎಳೆಯುತ್ತದೆ. ಆದ್ದರಿಂದ ನೆನೆಸಿದ ಫಾಲನ್ನು ನಾವೇ ಒಯ್ಯುವುದು ಸರಿ.

ಟೈಲರ್ ಹತ್ತಿರ ಹೋಗುವಾಗ ಸರಿಯಾಗಿ ಕೂರುವ ಹಳೆಯ ರವಿಕೆಯೊಂದು ಜೊತೆಯಲ್ಲಿರಲಿ, ಮತ್ತು ಈ ರವಿಕೆಯ ಒಳಗೆ ಯಾವ ಒಳಉಡುಪು ಧರಿಸುತ್ತೇವೆಯೋ ಅದನ್ನೇ ಧರಿಸಿ ಅಳತೆ ಕೊಡಬೇಕು. ಮೊಣಕೈವರೆಗಿನ ತೋಳು, ದೋಣಿ ಕುತ್ತಿಗೆ, ಸಣ್ಣ ಕಾಲರ್ ಇವು ಈಗ ಹೆಚ್ಚಾಗಿ ಹೊಲಿಸಿಕೊಳ್ಳುವ ಮಾದರಿಗಳು. ಇವುಗಳಲ್ಲಿ ಮೊಣಕೈ ತೋಳು ಬಿಸಿಲಿಗೂ ಸೊಳ್ಳೆಗೂ ತಡೆಯಾಗುವುದರಿಂದ ನನ್ನ ಮತ ಅದಕ್ಕೇ. ಕಾಲರ್ ಚೆಂದ, ಆದರೆ ಕುತ್ತಿಗೆಯ ಬೆವರು ಮೊದಲು ಹಳದಿಯಾಗಿಸುವುದು ಅದನ್ನೇ, ಆದ್ದರಿಂದ ತಿಳಿಬಣ್ಣದ ರವಿಕೆಗೆ ಕಾಲರ್ ಇಡಿಸಬೇಡಿ. ಲೈನಿಂಗ್‌ಗೆ ತೆಳು ಹತ್ತಿ ಇರಲಿ. ಮೇಲೆ ಕೈಮಗ್ಗ ಇಟ್ಟು ಒಳಗೆ ಸಾಟಿನ್ ಹಾಕಿಸಿದರೆ ಹತ್ತಿ ಕೊಂಡ ಉದ್ದೇಶವೇ ಹಾಳು.

ಎರಡು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಒಂದು, ಪಕ್ಕದ ಹೊಲಿಗೆಯ ಒಳಗೆ ಎರಡೂ ಬದಿ ಒಂದೊಂದು ಅಂಗುಲ ಬಟ್ಟೆ ಉಳಿಸಬೇಕು. ಇನ್ನೊಂದು, ಕಂಕುಳ ಕೆಳಗೆ ಬಿಗಿ ಮಾಡಬಾರದು. ಹಾಕಿ ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಎಲ್ಲ ರವಿಕೆಯೂ ಸರಿಯಾಗಿಯೇ ಕಾಣುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವಂತೆ ಬಲಗೈ ಎತ್ತಬೇಕು, ನೆಲದ ಮೇಲೆ ಕುಳಿತು ಎಲೆಗೆ ಬಡಿಸುವಂತೆ ಮುಂದಕ್ಕೆ ಬಾಗಬೇಕು. ಕೆಳಪಟ್ಟಿ ಮೇಲೇರಿದರೆ, ಬೆನ್ನಿನ ಹೊಲಿಗೆ ಎಳೆದು ನೂಲು ಬಿಟ್ಟುಕೊಂಡು ಕಂಡರೆ, ಅಲ್ಲಿಯೇ ತಿದ್ದಲು ಕೊಟ್ಟು ಬರಬೇಕು.

ಕುರ್ತಾ ಮತ್ತು ಅಗಲ ಪ್ಯಾಂಟಿನ ಸಂಗತಿ ಸರಳ: ಎರಡರಲ್ಲಿ ಒಂದು ಮಾತ್ರ ತುಂಬ ಸಡಿಲವಾಗಿರಲಿ. ಪ್ಯಾಂಟಿನ ತುದಿ ಕಾಲಿನ ಹರಡಿನ ಮೂಳೆಯ ಬಳಿ ನಿಲ್ಲಲಿ, ನೆಲ ಗುಡಿಸುವಷ್ಟು ಉದ್ದ ಬೇಡ. ಸಿದ್ಧ ಉಡುಪು ಕೊಳ್ಳುವುದಾದರೆ, ನೆನೆಸಿ ಕುಗ್ಗಿಸಿಲ್ಲದ ಹತ್ತಿಯದನ್ನು ಒಂದು ಅಳತೆ ದೊಡ್ಡದಾಗಿ ತೆಗೆದುಕೊಳ್ಳಬೇಕು.

ಹಂತ 5: ಗಂಜಿ ಮತ್ತು ಇಸ್ತ್ರಿ

ಅನ್ನ ಬಸಿದ ಗಂಜಿಯಾಗಲಿ ಸಾಬಕ್ಕಿ ಗಂಜಿಯಾಗಲಿ, ತೆಳುವಾದ ಬಟ್ಟೆಯಲ್ಲಿ ಸೋಸಿ, ಬೆರಳಿಗೆ ಅಂಟದಷ್ಟು ತೆಳ್ಳಗೆ ನೀರು ಬೆರೆಸಿಕೊಳ್ಳಬೇಕು. ಸೀರೆಯನ್ನು ಮೊದಲು ಬರಿನೀರಿನಲ್ಲಿ ಒದ್ದೆ ಮಾಡಿ ಆಮೇಲೆ ಗಂಜಿಗೆ ಅದ್ದಿದರೆ ಒಂದೇ ಸಮನಾಗಿ ಹಿಡಿಯುತ್ತದೆ. ಒಣ ಸೀರೆಯನ್ನೇ ಅದ್ದಿದರೆ ಗಾಢ ಬಣ್ಣದ ಮೇಲೆ ಬಿಳಿ ತೇಪೆಗಳು ಕಾಣಿಸುತ್ತವೆ. ಗಂಜಿ ದಪ್ಪವಾದರೆ ನೆರಿಗೆ ಕೂರುವುದಿಲ್ಲ, ಸೊಂಟದ ಸುತ್ತ ಸೀರೆ ಉಬ್ಬಿಕೊಂಡು ನಿಲ್ಲುತ್ತದೆ. ಲಿನನ್‌ಗೆ ಗಂಜಿ ಬೇಡವೇ ಬೇಡ.

ತುಸು ಒದ್ದೆ ಇರುವಾಗಲೇ ಇಸ್ತ್ರಿ ಮಾಡಬೇಕು. ಬ್ಲಾಕ್ ಪ್ರಿಂಟ್ ಬಟ್ಟೆಯನ್ನು ಒಳಮೈಯಿಂದ ಮಾತ್ರ ತಿಕ್ಕಬೇಕು.

ಹಂತ 6: ಉಡುವುದು

ಚಪ್ಪಲಿ ಮೊದಲು, ಸೀರೆ ಆಮೇಲೆ. ಉದ್ದ ನಿಶ್ಚಯವಾಗುವುದು ಚಪ್ಪಲಿಯಿಂದ. ತಿಳಿಬಣ್ಣದ ತೆಳು ಸೀರೆಗೆ ಅದರ ಮೈಬಣ್ಣದ್ದೇ ಒಳಲಂಗ ಬೇಕು, ಬಿಳಿ ರವಿಕೆಯ ಒಳಗೆ ಬಿಳಿಗಿಂತ ಚರ್ಮದ ಬಣ್ಣಕ್ಕೆ ಹತ್ತಿರವಾದ ಒಳಉಡುಪು ಕಡಿಮೆ ಎದ್ದು ಕಾಣುತ್ತದೆ. ಮೊದಲ ಸುತ್ತನ್ನು ಸಿಕ್ಕಿಸಿ, ಸೆರಗನ್ನು ಭುಜದ ಮೇಲೆ ಹಾಕಿ ಪಿನ್ನು ಚುಚ್ಚಿ, ಉಳಿದದ್ದನ್ನು ಕೊನೆಗೆ ನೆರಿಗೆ ಮಾಡುವುದು ಹತ್ತಿ ಸೀರೆಗೆ ಸರಿಯಾದ ಕ್ರಮ. ಮೊದಲೇ ನೆರಿಗೆ ಹಿಡಿದರೆ ಸೆರಗಿಗೆ ಎಷ್ಟು ಉಳಿಯಿತೋ ಅಷ್ಟೇ, ಕುಗ್ಗಿದ ಸೀರೆಯಲ್ಲಿ ಅದು ಸಾಲದೆ ಹೋಗಬಹುದು. ನೆರಿಗೆ ಐದಾರು ಸಾಕು, ಅಗಲ ಐದು ಅಂಗುಲದಷ್ಟಿರಲಿ. ತೆಳು ಬಟ್ಟೆಗೆ ಪಿನ್ನು ಚುಚ್ಚುವಾಗ ಪಿನ್ನಿನ ಬುಡಕ್ಕೆ ಸಣ್ಣ ಮಣಿಯೊಂದನ್ನು ಪೋಣಿಸಿದರೆ ನೂಲು ಸಿಕ್ಕಿ ಹರಿಯುವುದು ತಪ್ಪುತ್ತದೆ.

ರವಿಕೆ ಅಚ್ಚಿನದ್ದಾದರೆ ಸೀರೆ ಸಾದಾ, ಸೀರೆ ಹೂವಿನದ್ದಾದರೆ ರವಿಕೆ ಸಾದಾ. ರವಿಕೆಯ ಬಣ್ಣವನ್ನು ಸೀರೆಯ ಅಂಚಿನಿಂದಲೋ ಹೂವಿನ ಎಸಳಿನಿಂದಲೋ ಆರಿಸಿಕೊಂಡರೆ ಮೇಳೈಸುವುದು ಸುಲಭ. ಆಭರಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮಾಸಲು ಬೆಳ್ಳಿ ಅಥವಾ ಸುಟ್ಟ ಮಣ್ಣಿನ ಓಲೆ ಹತ್ತಿಗೆ ಹೊಂದುತ್ತದೆ. ಸುರಗಿ ಹೂ ಬಿಡುವ ಕಾಲವೂ ಇದೇ ಆದ್ದರಿಂದ ಬೆಣ್ಣೆಬಣ್ಣದ ಸೀರೆಗೆ ಅದಕ್ಕಿಂತ ಒಳ್ಳೆಯ ಮುಡಿ ಬೇರೆ ಬೇಡ. ಒಂದು ಎಚ್ಚರಿಕೆ: ಹಸಿ ಬಾಳೆನಾರಿನಲ್ಲಿ ಕಟ್ಟಿದ ಮಾಲೆಯಾದರೆ ಅದರ ರಸ ಭುಜದ ಮೇಲೆ ತೊಟ್ಟಿಕ್ಕಿ ಕಂದು ಕಲೆಯಾಗುತ್ತದೆ. ದಾರದಲ್ಲಿ ಕಟ್ಟಿದ್ದನ್ನೇ ಮುಡಿಯಬೇಕು.

ಹಂತ 7: ಒಂದೇ ದಿನದ ಮೂರು ಹವೆ

ಫೆಬ್ರವರಿ ಕೊನೆಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಬೆಳಗಿನ ಬಸ್ಸು ಹತ್ತುವಾಗ ಚಳಿ, ಶಿವಮೊಗ್ಗದಲ್ಲಿ ಇಳಿದು ಮಧ್ಯಾಹ್ನವಾಗುವಷ್ಟರಲ್ಲಿ ಉರಿಬಿಸಿಲು. ಏಪ್ರಿಲ್‌ಗೆ ರೇವತಿ, ಅಶ್ವಿನಿ ಮಳೆಗಳು ಸಂಜೆ ಗುಡುಗಿಕೊಂಡು ಬಂದರೂ ಬಂದಾವು. ಉಣ್ಣೆಯ ಸ್ವೆಟರ್ ಬೆಳಿಗ್ಗೆ ಹಿತ, ಮಧ್ಯಾಹ್ನ ಕೈಯಲ್ಲಿ ಹೊರೆ. ಅದರ ಬದಲು ದಪ್ಪ ಕೈಮಗ್ಗದ ಮುಂದೆ ತೆರೆದ ಉದ್ದ ಜಾಕೆಟ್ಟೋ ಹತ್ತಿಯ ಶಾಲೋ ಇದ್ದರೆ, ಮಡಚಿ ಚೀಲಕ್ಕೆ ಹಾಕಬಹುದು, ಉಡುಪಿಗೆ ಅಂದವೂ ಬರುತ್ತದೆ. ಮಳೆಯ ಲಕ್ಷಣವಿರುವ ದಿನ ಬಿಳಿ ಮಲ್ ಬಟ್ಟೆಯನ್ನು ಬಿಟ್ಟು ಅಚ್ಚಿನ ಬಟ್ಟೆ ಹಾಕಿಕೊಳ್ಳಿ. ಒದ್ದೆಯಾದಾಗ ತೆಳುವಾದ ಬಿಳಿ ಪಾರದರ್ಶಕವಾಗುತ್ತದೆ. ಸ್ಕೂಟರಿನಲ್ಲಿ ಹೋಗುವವರು ಸೆರಗನ್ನೂ ದುಪಟ್ಟಾವನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತಬೇಕು.

ಹಂತ 8: ಕಲೆ, ಒಗೆತ ಮತ್ತು ಮಳೆಗಾಲದ ಮೊದಲಿನ ಕೆಲಸ

ಕೆಮ್ಮಣ್ಣು ಮೆತ್ತಿದಾಗ ತಕ್ಷಣ ನೀರು ಹಾಕಿ ಉಜ್ಜುವುದೇ ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಮಣ್ಣು ನೂಲಿನೊಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಮೆತ್ತಗಿನ ಬ್ರಷ್ಷಿನಿಂದ ಉದುರಿಸಿ, ಉಳಿದ ಕಲೆಗೆ ಮಾತ್ರ ಸಾಬೂನು ಹಚ್ಚಬೇಕು. ನೈಸರ್ಗಿಕ ಬಣ್ಣದ ಬಟ್ಟೆಯ ಮೇಲೆ ನಿಂಬೆರಸವನ್ನಾಗಲಿ ವಾಷಿಂಗ್ ಸೋಡಾವನ್ನಾಗಲಿ ಪ್ರಯೋಗಿಸಬಾರದು, ಕಲೆ ಹೋದ ಜಾಗದಲ್ಲಿ ಬಣ್ಣವೂ ಹೋಗಿರುತ್ತದೆ. ಬೀಜ ತೆಗೆದ ಅಂಟುವಾಳದ ಏಳೆಂಟು ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೀರು ಇಂಥ ಒಂದು ಸೀರೆಗೆ ಸಾಕಾಗುತ್ತದೆ.

ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಮಳೆಗಾಲಕ್ಕೆ ಎತ್ತಿಡಬಾರದು. ಗಂಜಿ ಎಂದರೆ ಬೂಸಲಿಗೂ ಬೆಳ್ಳಿ ಹುಳಕ್ಕೂ ಅನ್ನವಿಟ್ಟಂತೆ. ರೋಹಿಣಿ ಮಳೆ ಹಿಡಿಯುವ ಮೊದಲು, ಎಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಎಲ್ಲವನ್ನೂ ಗಂಜಿ ಹೋಗುವಂತೆ ಒಗೆದು, ಎರಡು ದಿನ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಇಸ್ತ್ರಿಯ ಬಿಸಿ ಪೂರ್ತಿ ಆರಿದ ಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡಬೇಕು. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಡುವುದರಿಂದ ಬೇಡ. ಬಟ್ಟೆಯ ನಡುವೆ ಲಾವಂಚದ ಬೇರು ಇಡಬಹುದು. ನುಸಿಗುಳಿಗೆ ಜರಿಗೆ ತಾಗಕೂಡದು. ಬೀರು ಹೊರಗೋಡೆಗೆ ಅಂಟಿಕೊಂಡಿದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆಯಬೇಕು. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಬಾಗಿಲು ತೆರೆದಿಟ್ಟು, ಲಿನನ್ ಮತ್ತು ಜರಿಯ ಸೀರೆಗಳನ್ನು ಹಳೆಯ ಮಡಿಕೆ ಬಿಡಿಸಿ ಬೇರೆ ಗೆರೆಯಲ್ಲಿ ಮಡಚಿಡಬೇಕು. ತಿಂಗಳುಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿದ್ದರೆ ನೂಲು ತುಂಡಾಗುವುದು ಆ ಗೆರೆಯಲ್ಲಿಯೇ.